ಆರು ಗಂಟೆಯ ಆಲ್ಮಂಡ್

"ಗೇಟಿನ ಹತ್ರ ಒಣಗಿದೆ ಕಣೋ, ಇನ್ನೊಂದಿಷ್ಟು ಬಿಡು," ಎಂದಳು ಝೇಲಿಯಾ, ಲಾರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ.

ತಮ್ಮ ಡಿನಿಸ್ ಹಿಡಿಕೆ ತಿರುವಿದ. ಲಾರಿಯ ಹಿಂದಿನ ಕೊಳವೆಗಳಿಂದ ನೀರು ಎರಡೂ ಬದಿಗೆ ಚಿಮ್ಮಿ ಮಣ್ಣಿನ ರಸ್ತೆ ಕಪ್ಪಾಯಿತು. ನೂರು ಅಡಿ ಹಿಂದೆ, ಅವರ ಅಮ್ಮ ಒಲಿಂಡಾಳ ಶವದ ಪೆಟ್ಟಿಗೆ ಹೊತ್ತ ಕಾರು ಆ ಒದ್ದೆಯ ಮೇಲೆ ಮೆಲ್ಲಗೆ ಬರುತ್ತಿತ್ತು. ಅದರ ಹಿಂದೆ ಊರಿನ ಪಿಕಪ್ ಗಾಡಿಗಳೆಲ್ಲ ಸಾಲು ಹಿಡಿದಿದ್ದವು.

ಆಗಸ್ಟ್ ಎಂದರೆ ಕೊಯ್ಲು. ಕೊಯ್ಲಿನಲ್ಲಿ ಯಾರಾದರೂ ಸತ್ತರೆ ಈ ಕಣಿವೆಯಲ್ಲಿ ಶವದ ಮುಂದೆ ನೀರಿನ ಲಾರಿ ಹೋಗಲೇಬೇಕು. ಇಲ್ಲದಿದ್ದರೆ ಏಳುವ ಧೂಳಿಗೆ ಹಿಂದಿನವನಿಗೆ ಮುಂದಿನವನು ಕಾಣುವುದಿಲ್ಲ. ದಾರಿಯ ಎರಡೂ ಕಡೆಯ ತೋಟದವರು ಶೇಕರ್ ನಿಲ್ಲಿಸುತ್ತಾರೆ. ಶೇಕರ್ ಎಂದರೆ ಬಾದಾಮಿ ಮರದ ಕಾಂಡವನ್ನು ಕಚ್ಚಿ ಹಿಡಿದು ಗಡಗಡ ಅಲುಗಿಸುವ ಯಂತ್ರ. ದಿನವಿಡೀ ಕಿವಿ ಕೊರೆಯುವ ಅದು ನಿಂತರೆ ಎಂಥವರಿಗೂ ಎದೆ ಖಾಲಿಯಾದಂತಾಗುತ್ತದೆ. "ಬದುಕಿದ್ದಾಗ ತಿಂದ ಧೂಳೇ ಸಾಕು, ಸತ್ತ ಮೇಲೂ ತಿನ್ನಿಸಬೇಡಿ" ಎಂದು ಒಲಿಂಡಾ ಮೊದಲೇ ತಾಕೀತು ಮಾಡಿದ್ದಳು. ಬೇರೆಯವರ ಕೈಗೆ ಲಾರಿ ಕೊಡಲು ಡಿನಿಸ್ ಒಪ್ಪಲಿಲ್ಲ. ಕರಿ ಕೋಟು ತೊಟ್ಟು ತಾನೇ ಓಡಿಸುತ್ತಿದ್ದ.

ಝೇಲಿಯಾಳ ತೊಡೆಯ ಮೇಲೆ ಎರಡು ಹಾಳೆ, ಕೈಯಲ್ಲಿ ಪೆನ್ಸಿಲ್. ಇನ್ನೊಂದು ಗಂಟೆಗೆ ಚರ್ಚಿನಲ್ಲಿ ಅವಳು ಅಮ್ಮನ ಬಗ್ಗೆ ನಾಲ್ಕು ಮಾತಾಡಬೇಕು. ಡಿನಿಸ್ ಓರೆಗಣ್ಣಿನಲ್ಲಿ ನೋಡಿದ.

"ಇದೇನಕ್ಕ, ಬರೆದದ್ದಕ್ಕಿಂತ ಹೊಡೆದು ಹಾಕಿದ್ದೇ ಜಾಸ್ತಿ ಇದೆ? 'ಆ ಬೆಳೆ', 'ಆ ಕಾಯಿ', 'ಆ ಮರಗಳು'... ಅಮ್ಮ ಐವತ್ತು ವರ್ಷ ಏನು ಆರಿಸಿದ್ಲು ಅಂತ್ಲೇ ಗೊತ್ತಾಗಲ್ವಲ್ಲ. ಕಲ್ಲಿದ್ದಲೋ, ಕುಂಬಳಕಾಯೋ?"

"ಎಲ್ಲರಿಗೂ ಗೊತ್ತಿರೋದನ್ನ ಹೇಳಬೇಕೇನೋ?"

"ಹೇಳೋಕೆ ಭಯ ಅನ್ನು."

ಭಯವೇ. ಸುಳ್ಳೇನಲ್ಲ. ಈ ದೇಶದ ಪಟ್ಟಣಗಳೆಲ್ಲ ಬಾದಾಮಿಗೆ ಆಲ್ಮಂಡ್ ಎನ್ನುತ್ತವೆ. ಅದನ್ನು ನೆಟ್ಟು, ನೀರುಣಿಸಿ, ಅಲುಗಿಸಿ ಬೀಳಿಸುವ ಈ ಕಣಿವೆಯ ಜನ ಮಾತ್ರ ಆ್ಯಮಂಡ್ ಎನ್ನುತ್ತಾರೆ. ಮರ ಅಲುಗಿಸುವ ರಭಸಕ್ಕೆ ಮೊದಲು ಲಕಾರ ಉದುರುತ್ತದೆ, ಆಮೇಲೆ ಕಾಯಿ ಉದುರುತ್ತದೆ ಎಂಬುದು ಇಲ್ಲಿನ ಹಳೇ ತಮಾಷೆ. ತಮಾಷೆ ಏನೋ ಸರಿ, ಆದರೆ ಲಕಾರ ಹಾಕಿ ಮಾತಾಡಿದವನ ಕೈಗೆ ಇಲ್ಲಿ ಯಾರೂ ಟ್ರ್ಯಾಕ್ಟರಿನ ಕೀಲಿ ಕೊಡುವುದಿಲ್ಲ.

ಆ ಲಕಾರವನ್ನು ಇಪ್ಪತ್ತೆರಡು ವರ್ಷದಿಂದ, ದಿನಾ ಬೆಳಗ್ಗೆ ಆರು ಗಂಟೆಗೆ, ರಾಜ್ಯಕ್ಕೆಲ್ಲ ಕೇಳುವ ಹಾಗೆ ರೇಡಿಯೋದಲ್ಲಿ ಹಾಕುತ್ತ ಬಂದವಳು ಝೇಲಿಯಾ. ಕೃಷಿ ಸಮಾಚಾರ ಓದುವ ಹೆಂಗಸು. ಹುಟ್ಟಿದ್ದು ಮಾತ್ರ ಒಲಿಂಡಾಳ ಹೊಟ್ಟೆಯಲ್ಲಿ.

*

ಒಲಿಂಡಾ ಈ ಕಣಿವೆಗೆ ಬಂದಾಗ ಹದಿನೆಂಟು ವರ್ಷ. ಅಟ್ಲಾಂಟಿಕ್ ಸಮುದ್ರದ ನಡುವಿನ ಟೆರ್ಸೇರಾ ದ್ವೀಪದ ಹುಡುಗಿ. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಬಾಯಲ್ಲಿ ಪೋರ್ಚುಗೀಸ್ ಬಿಟ್ಟು ಬೇರೆ ಒಂದಕ್ಷರ ಇಲ್ಲ. ಬಂದ ಮೂರನೇ ದಿನ ಹೂಕ್‌ಸ್ಟ್ರಾ ಮಿಲ್ಲಿನ ಬಾಗಿಲಲ್ಲಿ ಕೆಲಸ ಕೇಳಿ ನಿಂತವರ ಸಾಲಿನಲ್ಲಿ ಅವಳೂ ನಿಂತಳು. ಬಾದಾಮಿಯ ಸಿಪ್ಪೆ ಸುಲಿದು, ಓಡು ಒಡೆದು, ಬೆಲ್ಟಿನ ಮೇಲೆ ಹರಿಸಿ, ಹುಳುಕು ಮುರುಕು ಆರಿಸುವ ಮಿಲ್ಲು ಅದು.

ಯಜಮಾನ ಹೂಕ್‌ಸ್ಟ್ರಾನದು ಒಂದೇ ಪರೀಕ್ಷೆ. ಒಂದು ಕಾಯಿಯನ್ನು ಮೂಗಿನ ಮುಂದೆ ಹಿಡಿದು "ಇದೇನು?" ಎನ್ನುವುದು. ಆಲ್ಮಂಡ್ ಎಂದವನು ತೋಟದ ಮುಖ ಕಂಡವನಲ್ಲ, ಅನುಭವವಿದೆ ಎಂದು ಬೊಗಳೆ ಬಿಡಲು ಬಂದವನು, ನಡಿ ಆಚೆ. ಒಲಿಂಡಾಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಕಾಯಿಯ ಗುರುತು ಮಾತ್ರ ಹತ್ತಿತು. ತನ್ನ ಭಾಷೆಯಲ್ಲೇ "ಅಮೆಂದ್ವ" ಎಂದಳು. ಯಜಮಾನ ಕಿವಿ ಚುರುಕು ಮಾಡಿ ಇನ್ನೊಮ್ಮೆ ಹೇಳಿಸಿದ. ಹುಡುಕಿದರೂ ಲಕಾರವಿಲ್ಲ. "ಇವಳು ನಮ್ಮವಳು, ಏಪ್ರನ್ ಕೊಡಿ," ಎಂದ.

"ಇಂಗ್ಲಿಷಿನ ಒಂದು ಮಾತನ್ನ ನಾನು ಹುಟ್ಟೋವಾಗ್ಲೇ ದೇವರು ನನ್ನ ಬಾಯಲ್ಲಿಟ್ಟು ಕಳಿಸಿದ್ದ. ಮಿಕ್ಕಿದ್ದನ್ನ ನಾನೇ ಸಂಪಾದಿಸ್ಕೊಂಡೆ," ಎಂದು ಅವಳು ಸಾಯುವ ತನಕ ಹೇಳಿಕೊಂಡಳು. ಹಾಗೆ ಹೇಳುವಾಗ ಗಲ್ಲ ಎರಡು ಬೆರಳು ಮೇಲೇರುತ್ತಿತ್ತು.

ಸಂಪಾದಿಸಲು ಅವಳು ಸಂಜೆ ಶಾಲೆಗೂ ಹೋದಳು. ಪಟ್ಟಣದಿಂದ ಬಂದ ಮೇಷ್ಟರಮ್ಮ ಚಿತ್ರ ತೋರಿಸಿ ಹೆಸರು ಕೇಳುತ್ತಿದ್ದಳು. ಬಾದಾಮಿಯ ಸರದಿ ಬಂದಾಗ ಒಲಿಂಡಾ ಎಲ್ಲರಿಗಿಂತ ಮೊದಲು "ಆ್ಯಮಂಡ್!" ಎಂದಳು. ಮೇಷ್ಟರಮ್ಮ ತಲೆಯಾಡಿಸಿ, ನಾಲಗೆಯನ್ನು ಹಲ್ಲಿಗೆ ತಾಗಿಸಿ ತೋರಿಸಿ, ಆಲ್ಮಂಡ್ ಎಂದು ಹತ್ತು ಸಲ ಹೇಳು ಎಂದಳು. ಒಲಿಂಡಾ ಒಂದು ಸಲವೂ ಹೇಳಲಿಲ್ಲ.

"ಮೇಷ್ಟರಮ್ಮ, ಮಿಕ್ಕಿದ್ದೆಲ್ಲ ನೀವು ಹೇಳ್ದಂಗೆ ಹೇಳ್ತೀನಿ. ಇದೊಂದು ಬಿಟ್ಬಿಡಿ. ನಾನು ದಿನಕ್ಕೆ ಹತ್ತು ಗಂಟೆ ಇದನ್ನ ಕೈಯಲ್ಲಿ ಹಿಡ್ಕೊಂಡಿರ್ತೀನಿ. ನೀವು ಹಬ್ಬದಲ್ಲಿ ಕೇಕಿನ ಮೇಲೆ ನೋಡ್ತೀರಿ. ಇದರ ಹೆಸರು ಯಾರಿಗೆ ಗೊತ್ತಿರುತ್ತೆ, ನೀವೇ ಹೇಳಿ."

ಈ ಕತೆಯನ್ನು ಬೆಲ್ಟಿನ ಹೆಂಗಸರು ಹೊಸದಾಗಿ ಬಂದವರಿಗೆ ಏಪ್ರನ್ ಕಟ್ಟುವಾಗಲೇ ಹೇಳಿಬಿಡುತ್ತಿದ್ದರು. ಅಷ್ಟು ಹೊತ್ತಿಗೆ ಒಲಿಂಡಾ ಬೆಲ್ಟಿನ ಮೇಸ್ತ್ರಿಯಾಗಿದ್ದಳು.

*

ಚರ್ಚಿನ ಮೆಟ್ಟಿಲ ಮೇಲೆ ಗೆರಿಟ್ ಹೂಕ್‌ಸ್ಟ್ರಾ ಕೂತಿದ್ದ. ಆ ಯಜಮಾನನ ಮಗ. ಈಗ ಅವನೇ ಎಂಬತ್ತೆಂಟರ ಮುದುಕ, ಕಿವಿ ಮಂದ. ಹುಲ್ಲಿನ ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡಿದ್ದ. ಝೇಲಿಯಾ ಲಾರಿ ಇಳಿದು ಬಂದದ್ದೇ ಅವಳ ಕೈ ಹಿಡಿದು, ಸಮಾಧಾನದ ಮಾತಿಗೆ ಹೋಗದೆ ನೇರವಾಗಿ ಕೇಳಿದ:

"ಏನಮ್ಮಾ, ಇವತ್ತು ಲಕಾರ ಹಾಕ್ತೀಯೋ, ತೆಗೀತೀಯೋ?"

"ಗೆರಿಟ್ ಅಜ್ಜ, ಇವತ್ತಾದರೂ..."

"ಅಲ್ಲ, ಮೊದಲೇ ಹೇಳಿಬಿಡು. ಹಾಕಿದ್ರೆ ನಿಮ್ಮಮ್ಮ ಒಳಗಿಂದ ಪೆಟ್ಟಿಗೆ ತಟ್ತಾಳೆ. ತೆಗೆದ್ರೆ, ಇಷ್ಟು ದಿನ ಇಲ್ಲದ್ದು ಇವತ್ತೇನು ಬಂತು ಅಂತ ಜನ ಮೂಗು ಮುರೀತಾರೆ." ಮುದುಕ ಅವಳನ್ನು ಹತ್ತಿರ ಎಳೆದುಕೊಂಡ. ಆಮೇಲೆ ದನಿ ತಗ್ಗಿಸಿದೆನೆಂದುಕೊಂಡು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದ: "ನಮ್ಮ ಮಿಲ್ಲಿಗೆ ಹೆಸರು ಬಂದಿದ್ದೇ ಅವಳ ಕೈಯಿಂದ ಕಣಮ್ಮ. ಬೆಲ್ಟು ಓಡ್ತಿರೋವಾಗಲೇ ಕಹಿ ಕಾಯಿನ ಕಣ್ಣಲ್ಲೇ ಗುರುತು ಹಿಡಿಯೋಳು. ಅಂಥ ಕೈ ಇನ್ನು ಹುಟ್ಟಲ್ಲ."

ಹೊಗಳಿಕೆಗೆ ಝೇಲಿಯಾಳ ಎದೆ ಉಬ್ಬಿತು, ಲಕಾರದ ಮಾತಿಗೆ ಅದೇ ಎದೆ ಕುಸಿಯಿತು. ತೆಗೆದು ಹೇಳಬಹುದಿತ್ತು. ಹೇಳಲು ಅವಳ ನಾಲಗೆಗೇನೂ ಕಷ್ಟವಿರಲಿಲ್ಲ, ಹಾಲು ಕುಡಿಯುವ ಕಾಲಕ್ಕೆ ಕಲಿತದ್ದೇ ಅದು. ಆದರೆ ಅಮ್ಮ ಬದುಕಿದ್ದಾಗ ಆಡದ ಮಾತನ್ನು ಅವಳ ಹೆಣದ ಮುಂದೆ ಆಡಿ ಯಾರನ್ನು ಮೆಚ್ಚಿಸುವುದು?

*

ರೇಡಿಯೋಗೆ ಸೇರಿದ ಮೊದಲ ವಾರ. ಝೇಲಿಯಾಳಿಗೆ ಇಪ್ಪತ್ತೈದು. ಮೊದಲ ಸಮಾಚಾರ ಓದಿ ಹೊರಗೆ ಬಂದರೆ ಫೋನು ಹೊಡೆದುಕೊಳ್ಳುತ್ತಿತ್ತು. ಆ ಕಡೆ ಅಮ್ಮ, ಮಿಲ್ಲಿನ ಆಫೀಸಿನಿಂದ. ಹಿಂದೆ ಯಂತ್ರಗಳ ಗದ್ದಲ.

"ಬೆಲ್ಟು ನಿಲ್ಲಿಸಿ ಎಲ್ಲರನ್ನೂ ಕೇಳೋಕೆ ನಿಲ್ಲಿಸಿದ್ದೆ ಕಣೇ," ಎಂದಳು ಅಮ್ಮ. "ನನ್ನ ಮಗಳು ಮಾತಾಡ್ತಾಳೆ ಕೇಳಿ ಅಂತ ಬೀಗ್ತಾ ನಿಂತಿದ್ದೆ. ಏನು ಹೇಳಿದೆ ನೀನು? ಯಾರ ಮನೆ ಮಾತದು?"

"ಅಮ್ಮಾ, ಸರಿಯಾದ ಇಂಗ್ಲಿಷ್ ಅದೇ."

"ಹಾಗಾದ್ರೆ ನಂದು?"

ಝೇಲಿಯಾ ಇನ್ನೂ ಹೊಸಬಳು. ಗಾಜಿನಾಚೆ ಹಿರಿಯರೆಲ್ಲ ನೋಡುತ್ತಿದ್ದರು. "ನಿಂದು ಮಿಲ್ಲಿನ ಇಂಗ್ಲಿಷ್ ಅಮ್ಮ. ಅದನ್ನ ಇಲ್ಲಿ ಆಡಿದ್ರೆ ಜನ ನಗ್ತಾರೆ," ಎಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಸರಿ ಬಿಡು. ಇನ್ನು ಮೇಲೆ ರೇಡಿಯೋ ಹಾಕಲ್ಲ," ಎಂದು ಅಮ್ಮ ಕಡ್ಡಿ ಮುರಿದಂತೆ ಹೇಳಿ ಫೋನು ಇಟ್ಟಳು.

ಜಗಳ ಅಷ್ಟೇ. ಕ್ರಿಸ್‌ಮಸ್‌ಗೆ ಮನೆಗೆ ಹೋದಾಗ ಅಮ್ಮ ಎಂದಿನಂತೆ ಸಿಹಿ ಬ್ರೆಡ್ಡು ಸುಟ್ಟಿದ್ದಳು, ತಬ್ಬಿಕೊಂಡಳು, ತೆಳ್ಳಗಾಗಿದ್ದೀಯ ಎಂದು ಬೈದಳು. ಆದರೆ ರೇಡಿಯೋ ಸುದ್ದಿ ಇಬ್ಬರೂ ಎತ್ತಲಿಲ್ಲ. ಬಾದಾಮಿ ಬಂದ ಕಡೆ ಇಬ್ಬರೂ "ಬೆಳೆ ಹೇಗಿದೆ", "ಕಾಯಿ ಚೆನ್ನಾಗಿ ಕಚ್ಚಿದೆ" ಎಂದು ಪಕ್ಕದ ದಾರಿ ಹಿಡಿದರು. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. ಕ್ಷಮೆ ಕೇಳಲು ಒಳ್ಳೆಯ ದಿನ ಬರುತ್ತದೆ ಎಂದು ಝೇಲಿಯಾ ಕಾಯುತ್ತಲೇ ಇದ್ದಳು. ಮೊನ್ನೆ ಬೆಳಗ್ಗೆ ಕಾಫಿ ಕಾಸುತ್ತಿದ್ದ ಅಮ್ಮ ಅಲ್ಲೇ ಕುಸಿದಳೆಂದು ಡಿನಿಸ್ ಫೋನು ಮಾಡಿದಾಗ, ಝೇಲಿಯಾಳಿಗೆ ಮೊದಲು ನೆನಪಾದದ್ದೇ ಆ "ನಿಂದು ಮಿಲ್ಲಿನ ಇಂಗ್ಲಿಷ್".

*

ಪ್ರಾರ್ಥನೆ ಶುರುವಾಗಲು ಇನ್ನೂ ಅರ್ಧ ಗಂಟೆಯಿತ್ತು. ಡಿನಿಸ್ ಒಂದು ಬುಟ್ಟಿ ಪುದೀನ ಕೈಗಿತ್ತು, ಚರ್ಚಿನ ಹಿಂದಿನ ಸಭಾಂಗಣದ ಅಡುಗೆಮನೆಗೆ ಕೊಟ್ಟು ಬಾ ಎಂದು ಅಟ್ಟಿದ. ಮಣ್ಣು ಮುಗಿಸಿ ಬಂದವರಿಗೆ ದಪ್ಪ ಬ್ರೆಡ್ಡಿನ ಹೋಳಿನ ಮೇಲೆ ಪುದೀನ ಇಟ್ಟು ಕುದಿಯುವ ಮಾಂಸದ ಸಾರು ಸುರಿದು ಕೊಡುವುದು ಪೋರ್ಚುಗೀಸರ ಪದ್ಧತಿ. ಇವತ್ತು ಮಾತ್ರ ಹಂಡೆಯ ಮುಂದೆ ಇದ್ದವರು ಬೆಲ್ಟಿನ ಹೆಂಗಸರು. ಅವರಲ್ಲಿ ಮೆಕ್ಸಿಕೋದವರು, ಪೋರ್ಚುಗೀಸರು, ಇಬ್ಬರು ಪಂಜಾಬಿನವರು. ಎಲ್ಲರಿಗೂ ಮುಂದಾಳು ಚೇಲೊ. ಒಲಿಂಡಾಳ ಪಕ್ಕದಲ್ಲೇ ಮೂವತ್ತು ವರ್ಷ ನಿಂತು ಕಾಯಿ ಆರಿಸಿದವಳು. ಝೇಲಿಯಾಳಿಗೆ ಚಿಕ್ಕಮ್ಮನ ಸಮಾನ.

ಪುದೀನ ಇಡಲು ಕಪಾಟಿನತ್ತ ತಿರುಗಿದ ಝೇಲಿಯಾ ಅಲ್ಲೇ ನಿಂತಳು. ಅಲ್ಲೊಂದು ಹಳೇ ರೇಡಿಯೋ ಇತ್ತು. ಸಂದು ಸಂದಿಗೂ ಬಾದಾಮಿ ಸಿಪ್ಪೆಯ ಕಂದು ಪುಡಿ. ಸ್ಟೇಷನ್ ತಿರುವುವ ಗುಂಡಿಯ ಮೇಲೆ ಅಡ್ಡಕ್ಕೆ ಅಗಲವಾದ ಟೇಪು ಅಂಟಿಸಿ, ಅದರ ಮೇಲೆ ದಪ್ಪ ಮಸಿಯಲ್ಲಿ ಬರೆದಿತ್ತು: ಮುಟ್ಟಬೇಡಿ. ನನ್ನ ಮಗಳು.

ಅಮ್ಮನ ಕೈಬರಹ. ವಕ್ರವಕ್ರ, ಆದರೆ ತಲೆ ಎತ್ತಿದ ಅಕ್ಷರ.

"ಇದು... ಇದು ಎಲ್ಲಿತ್ತು ಚಿಕ್ಕಮ್ಮ?"

"ಬೆಲ್ಟಿನ ತಲೆ ಮೇಲೆ. ಇನ್ನೆಲ್ಲಿ?" ಎಂದಳು ಚೇಲೊ, ಸೌಟು ಕೆಳಗಿಡದೆ. "ಅವಳ ಪೆಟ್ಟಿಗೆ ಹತ್ರ ಇಡೋಣ ಅಂತ ತಂದ್ವಿ. ಆ ಹೊಸ ಪಾದ್ರಿ ಒಪ್ತಾರೋ ಇಲ್ವೋ."

"ಅಮ್ಮ ರೇಡಿಯೋ ಕೇಳಲ್ಲ ಅಂದಿದ್ದಳಲ್ಲ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು. ಸಾವಿನ ಮನೆಯೆಂಬುದು ನೆನಪಾಗಿ ಒಬ್ಬಳು ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡಳು.

"ಹಾಗೆ ಹೇಳಿದ್ಲಾ ಸುಳ್ಳಿ? ಒಂದು ವಾರ ಹಾಕಲಿಲ್ಲ, ನಿಜ. ಮುಖ ಹೇಗಿತ್ತು ಅಂದ್ರೆ ನಾವ್ಯಾರೂ ಹತ್ರ ಸುಳೀಲಿಲ್ಲ. ಆಮೇಲೊಂದು ದಿನ ತಾನೇ ಬಂದು ಹಾಕಿದ್ಲು. ನೀನು ಅದೇ ಲಕಾರ ಹಾಕಿ ಓದಿದೆ. ಒಬ್ಬಳು ಹುಡುಗಿ ಪಕ್ಕಂತ ನಕ್ಕಳು. ನಿಮ್ಮಮ್ಮ ಅವಳನ್ನ ಸಿಪ್ಪೆ ಗುಡ್ಡೆ ಹತ್ರ ಕಳಿಸಿ ದಿನವಿಡೀ ಗುಡಿಸೋಕೆ ಹಚ್ಚಿದ್ಲು, ಗೊತ್ತಾ?"

"ನನ್ನ ಮೇಲೆ ಕೋಪ ಇರಲಿಲ್ವಾ?"

"ಕೋಪ ಯಾಕಿರಲ್ಲ? ಇತ್ತು. ಆದ್ರೆ ನೀನು ಅವಳ ಮಗಳು, ಬೈಯೋ ಹಕ್ಕು ಅವಳೊಬ್ಬಳಿಗೇ." ಚೇಲೊ ಸೌಟನ್ನು ಹಂಡೆಯ ಅಂಚಿಗೆ ಬಡಿದಳು. "ಸಂಜೆ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ಲು. 'ನನ್ನ ಮಗಳು ಪಟ್ಟಣದೋರಿಗೆ ಮಾತಾಡ್ತಾಳೆ. ಅವರು ಮರ ಕಂಡೋರಲ್ಲ, ಪಾಪ, ಅವರಿಗೆ ತಿಳಿಯೋ ಹಾಗೆ ಹೇಳ್ಬೇಕು. ಅವಳ ಕೆಲಸ ಅದು. ನೀವು ನಗಬೇಡಿ. ತಿದ್ದಿ.' ಅಂದ್ಲು."

"ತಿದ್ದೋದು ಅಂದ್ರೆ?"

"ನೀನು ಅಲ್ಲಿಂದ ಆಲ್ಮಂಡ್ ಅನ್ನು, ನಾವು ಇಲ್ಲಿಂದ ಎಲ್ಲರೂ ಒಟ್ಟಿಗೆ ಆ್ಯಮಂಡ್ ಅಂತ ಕೂಗ್ತೀವಿ. ದಿನಾ ಬೆಳಗ್ಗೆ, ಕೊಯ್ಲಿನ ಕಾಲದಲ್ಲಿ ನೀನು ಹತ್ತು ಸಲ ಅಂದ್ರೆ ಹತ್ತು ಸಲ. ಮಿಲ್ಲಿನ ತಗಡು ಹಾರಿಹೋಗೋ ಹಾಗೆ. ಎಲ್ಲರಿಗಿಂತ ದೊಡ್ಡ ದನಿ ನಿಮ್ಮಮ್ಮಂದೇ. ಕೂಗಿ, ಸುತ್ತ ಒಂದ್ಸಲ ನೋಡೋಳು, ನನ್ನ ಮಗಳು ಹೇಗಿದ್ದಾಳೆ ಅನ್ನೋ ಹಾಗೆ. ಕೆಲಸ ಬಿಟ್ಟ ಮೇಲೂ ಬರ್ತಿದ್ಲು. ಬೆಲ್ಟಿನ ಪಕ್ಕ ಒಂದು ಸ್ಟೂಲಿನ ಮೇಲೆ ಕೂತು, ಕೂಗಿ, ಮನೆಗೆ ಹೋಗೋಳು."

ಝೇಲಿಯಾಳ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲು ಕೈಯಲ್ಲಿ ಪುದೀನ ಬುಟ್ಟಿ ಇತ್ತು.

"ಯಾಕೆ ಚಿಕ್ಕಮ್ಮ, ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಅತ್ತು ಕರೆದು ಲಕಾರ ಬಿಟ್ಟುಬಿಡ್ತಿದ್ದೆ. ಆಮೇಲೆ ನಾವು ಬೆಳಗ್ಗೆ ಏನಂತ ಕೂಗೋದು?" ಎಂದಳು ಚೇಲೊ. ಅವಳ ಕಣ್ಣೂ ಒದ್ದೆಯಾಗಿತ್ತು. "ಅಲ್ಲದೆ, ಅವಳೇ ಮೊದಲು ಬಾಯಿ ಬಿಡೋದುಂಟಾ? ಒಲಿಂಡಾ ಕಣೇ ಅವಳು! ಆ ಬುಟ್ಟಿ ಕೆಳಗಿಡು ಮೊದಲು, ಸೊಪ್ಪೆಲ್ಲ ಉಪ್ಪಾಗುತ್ತೆ."

*

ಪೂಜೆ ಕೊನೆಗೆ ಬಂದಿತ್ತು. ಪಾದ್ರಿ ಝೇಲಿಯಾಳತ್ತ ಕೈ ತೋರಿಸಿದರು. ಲಾಸ್ ಏಂಜಲೀಸಿನಿಂದ ಈಸ್ಟರಿಗೆ ಬಂದವರು, ಈ ಊರಿನ ಕೊಯ್ಲನ್ನು ಇದೇ ಮೊದಲು ನೋಡುತ್ತಿರುವವರು. ಪೆಟ್ಟಿಗೆಯ ಪಕ್ಕದಲ್ಲಿ ರೇಡಿಯೋ ಯಾಕೆಂದು ಅವರಿಗೆ ತಿಳಿದಿರಲಿಲ್ಲ. ಚೇಲೊಳನ್ನು ಎದುರಿಸುವ ಧೈರ್ಯವೂ ಬಂದಿರಲಿಲ್ಲ.

ಝೇಲಿಯಾ ಎದ್ದು ಹೋಗಿ ನಿಂತಳು. ಮುಂದಿನ ಸಾಲಿನಲ್ಲಿ ಡಿನಿಸ್, ಪಕ್ಕದಲ್ಲಿ ಗೆರಿಟ್ ಅಜ್ಜ, ಕಿವಿಗೆ ಕೈ ಹಚ್ಚಿ. ಎಡಗಡೆ ಮೂರು ಸಾಲು ಬೆಲ್ಟಿನ ಹೆಂಗಸರು, ಈಗಿನವರೂ ಹಳಬರೂ ಸೇರಿ ನಲವತ್ತು ಜನ. ಹೊಡೆದು ಹಾಕಿದ ಹಾಳೆಗಳನ್ನು ಮಡಿಸಿ ಅವಳು ಕೋಟಿನ ಜೇಬಿಗೆ ಹಾಕಿಕೊಂಡಳು.

"ನಮ್ಮಮ್ಮ ದೊಡ್ಡ ಶಾಲೆಗೆ ಹೋದವಳಲ್ಲ," ಎಂದಳು. "ಆದರೆ ಒಂದು ಮಾತನ್ನ ಅವಳಷ್ಟು ಸರಿಯಾಗಿ ಹೇಳೋರು ಈ ಕಣಿವೆಯಲ್ಲೇ ಇರಲಿಲ್ಲ. ಹದಿನೆಂಟನೇ ವಯಸ್ಸಿಗೆ ಆ ಮಾತಿನ ಮೇಲೆ ಕೆಲಸ ತಗೊಂಡಳು. ಮೇಷ್ಟರಮ್ಮ ತಿದ್ದೋಕೆ ಬಂದಾಗ ಬಗ್ಗಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳು ಅದನ್ನ ಮಿಲ್ಲಿನ ಇಂಗ್ಲಿಷ್ ಅಂದಾಗಲೂ ಬಗ್ಗಲಿಲ್ಲ. ಅಂದವಳು ನಾನೇ. ತಪ್ಪು ನಂದು. ಅವಳು ಇರೋವಾಗಲೇ ಹೇಳಬೇಕಿತ್ತು, ಹೇಳಲಿಲ್ಲ."

ಡಿನಿಸ್ ತಲೆ ಎತ್ತಿ ಅಕ್ಕನನ್ನೇ ನೋಡಿದ.

"ನನಗೆ ಬರೋ ಕೆಲಸ ಒಂದೇ. ಅದನ್ನೇ ಮಾಡ್ತೀನಿ." ಎಂದು ಬೆನ್ನು ನೆಟ್ಟಗೆ ಮಾಡಿ, ರೇಡಿಯೋದ ದನಿ ತೆಗೆದಳು. ಇಪ್ಪತ್ತೆರಡು ವರ್ಷ ಪಳಗಿದ, ಒಂದು ಗೆರೆಯೂ ಅಲುಗದ ಬೆಳಗಿನ ದನಿ. "ಸಮಯ ಆರು ಗಂಟೆ. ಕೃಷಿ ಸಮಾಚಾರ. ಕಣಿವೆಯಲ್ಲಿ ಈ ವರ್ಷದ ಕೊಯ್ಲು ಭರದಿಂದ ನಡೆದಿದೆ. ಮರಗಳ ತುಂಬ ಆಲ್ಮಂಡ್..."

ಅಲ್ಲಿಗೆ ನಿಲ್ಲಿಸಿದಳು.

ಪಾದ್ರಿ ಹುಬ್ಬೇರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಒಂದು ಉಸಿರಿನಷ್ಟು ಹೊತ್ತು ಚರ್ಚಿನಲ್ಲಿ ಏನೂ ಆಗಲಿಲ್ಲ.

"ಆ್ಯಮಂಡ್!"

ನಲವತ್ತು ಗಂಟಲು ಒಟ್ಟಿಗೆ. ಕಿಟಕಿಯ ಬಣ್ಣದ ಗಾಜು ಝಣ್ ಎಂದಿತು. ಪಾದ್ರಿಯ ಕೈಲಿದ್ದ ಪುಸ್ತಕ ಜಾರಿತು. ಎಲ್ಲ ಮುಗಿದ ಮೇಲೆ, ಒಂದು ತಾಳ ಹಿಂದೆ ಬಿದ್ದ ಗೆರಿಟ್ ಅಜ್ಜ ಒಬ್ಬನೇ "ಆ್ಯಮಂಡ್!" ಎಂದು ಗುಡುಗಿದ. ಇಡೀ ಚರ್ಚು ಗೊಳ್ಳೆಂದಿತು. ಕಣ್ಣಲ್ಲಿ ನೀರಿದ್ದವರೂ ನಕ್ಕರು, ಡಿನಿಸ್ ಎಲ್ಲರಿಗಿಂತ ಜೋರಾಗಿ ನಕ್ಕ.

ಝೇಲಿಯಾ ಮಾತ್ರ ನಗು ಅಡಗುವ ತನಕ ಕಾದಳು. ಎಲ್ಲರಿಗಿಂತ ದೊಡ್ಡದಾದ ಆ ಒಂದು ದನಿ ಇನ್ನೂ ಬರಬೇಕಿತ್ತು. ಬರಲಿಲ್ಲ. ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು, ರೇಡಿಯೋದ ದನಿ ಬಿಟ್ಟು, ಹಾಲು ಕುಡಿಯುವ ಕಾಲಕ್ಕೆ ಕಲಿತ ದನಿಯಲ್ಲಿ ಮೆಲ್ಲಗೆ ಅದನ್ನೇ ಹೇಳಿದಳು.

*

ಸೋಮವಾರ ಬೆಳಗ್ಗೆ ಆರಕ್ಕೆ ಸ್ಟುಡಿಯೋದ ಕೆಂಪು ದೀಪ ಹತ್ತಿತು. ಝೇಲಿಯಾ ಮೈಕಿನ ಮುಂದೆ ವಾಲಿ, ಸಮಯ ಹೇಳಿ, ಹವಾಮಾನ ಹೇಳಿ, ಬೆಳೆಗೆ ಬಂದಳು. "ಆಲ್ಮಂಡ್," ಎಂದಳು, ಎಂದಿನಂತೆ, ಲಕಾರವನ್ನು ಸ್ಪಷ್ಟವಾಗಿ ಇಟ್ಟು.

ಆಮೇಲೆ ಸುಮ್ಮನಾದಳು.

ಗಾಜಿನಾಚೆ ಕೂತಿದ್ದ ಎಂಜಿನಿಯರ್ ಗಾಬರಿಯಾಗಿ ತಲೆ ಎತ್ತಿ, ಏನಾಯಿತು ಎಂದು ಕೈಯಲ್ಲಿ ಕೇಳಿದ. ಝೇಲಿಯಾ ಅವನಿಗೆ ಒಂದು ಬೆರಳು ಎತ್ತಿ ತೋರಿಸಿದಳು, ತಾಳು ಎಂದು. ರಾಜ್ಯದ ರೇಡಿಯೋಗಳೆಲ್ಲ ಒಂದು ಉಸಿರಿನಷ್ಟು ಹೊತ್ತು ಸದ್ದಿಲ್ಲದೆ ನಿಂತಿದ್ದವು. ಅವಳು ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಗಲ್ಲ ಎರಡು ಬೆರಳು ಮೇಲೆತ್ತಿ ಕೇಳುತ್ತಿದ್ದಳು.